ಸ್ನೋಮೊಬೈಲ್‌ನ ಹಿಂಬದಿ ಸಸ್ಪೆನ್ಷನ್: ಮನೆಯಲ್ಲೇ ಸ್ಪ್ರಿಂಗ್ ಮತ್ತು ಶಾಕ್ ಬದಲಿಸುವ ಕ್ರಮ

ಉಬ್ಬು ಸಿಕ್ಕಾಗಲೆಲ್ಲ ಸ್ನೋಮೊಬೈಲ್‌ನ, ಅಂದರೆ ಮುಂದೆ ಸ್ಕೀಗಳ (ಜಾರುಪಟ್ಟಿಗಳ) ಮೇಲೆ, ಹಿಂದೆ ರಬ್ಬರ್ ಟ್ರ್ಯಾಕ್‌ನ ಮೇಲೆ ಹಿಮದಲ್ಲಿ ಓಡುವ ಯಂತ್ರದ, ಹಿಂಭಾಗ ದಢಾರನೆ ತಳಕ್ಕೆ ಬಡಿಯುತ್ತಿದ್ದರೆ, ಅಥವಾ ಸಾಲು ದಿಬ್ಬಗಳಿರುವ ದಾರಿಯಲ್ಲಿ ಆಸನ ಸವಾರನನ್ನು ಮೇಲಕ್ಕೆ ಎಸೆಯುತ್ತಿದ್ದರೆ, ಹೆಚ್ಚಿನವರ ಮನಸ್ಸು ಮೊದಲು ಹೋಗುವುದು ದುಬಾರಿ ಶಾಕ್ ಅಬ್ಸಾರ್ಬರ್‌ಗಳ ಕಡೆಗೆ. ಈ ಕೆಲಸದಲ್ಲಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡುತ್ತೇವೆ ಎಂಬುದೇ ಫಲಿತಾಂಶವನ್ನು ನಿರ್ಧರಿಸುತ್ತದೆ. ಸವೆದ ಬುಷ್ (ಶಾಫ್ಟ್‌ನ ಸುತ್ತ ಕೂರುವ ಗೊಳವೆ) ಮತ್ತು ಬೇರಿಂಗ್‌ಗಳನ್ನು ಮೊದಲು ಸರಿಪಡಿಸಬೇಕು. ಬಳಿಕ ಸವಾರನ ತೂಕಕ್ಕೆ ಹೊಂದುವ ಸ್ಪ್ರಿಂಗ್ ಹಾಕಬೇಕು. ಶಾಕ್‌ನ ಸರದಿ ಬರುವುದು ಅದಾದ ಮೇಲೆ. ತಪ್ಪು ಸ್ಪ್ರಿಂಗ್‌ನ ಮೇಲೆ ಕೂರಿಸಿದ ಅತ್ಯುತ್ತಮ ಶಾಕ್, ಸರಿಯಾದ ಸ್ಪ್ರಿಂಗ್ ಇರುವ ಸಾಧಾರಣ ಶಾಕ್‌ಗಿಂತ ಕೆಟ್ಟದಾಗಿ ನಡೆದುಕೊಳ್ಳುತ್ತದೆ.

ಸ್ಕಿಡ್‌ನ ರಚನೆ

ಆಸನದ ಅಡಿಯಲ್ಲಿ ಟ್ರ್ಯಾಕ್ ಅನ್ನು ಮೇಲಿನಿಂದ ಮುಚ್ಚಿರುವ ಲೋಹದ ಹೊದಿಕೆಯೇ ಟನಲ್. ಅದರ ಕೆಳಗೆ, ರಬ್ಬರ್ ಟ್ರ್ಯಾಕ್‌ನ ಸುತ್ತಿನೊಳಗೆ ಕುಳಿತಿರುವ ಇಡೀ ಜೋಡಣೆಯನ್ನು ಸ್ಕಿಡ್ ಎನ್ನುತ್ತಾರೆ. ಅದರ ಬೆನ್ನೆಲುಬು ಎರಡು ಅಲ್ಯೂಮಿನಿಯಂ ಹಳಿಗಳು. ಆ ಹಳಿಗಳ ಅಡಿಯಲ್ಲಿ ಟ್ರ್ಯಾಕ್‌ನ ಲೋಹದ ಕ್ಲಿಪ್‌ಗಳು ಜಾರಿಕೊಂಡು ಹೋಗಲು ಗಟ್ಟಿ ಪ್ಲಾಸ್ಟಿಕ್‌ನ ಸ್ಲೈಡ್‌ಗಳಿರುತ್ತವೆ. ಹಳಿಗಳನ್ನು ಟನಲ್‌ಗೆ ಸೇರಿಸುವುದು ಮುಂದಿನ ತೋಳು ಮತ್ತು ಹಿಂದಿನ ತೋಳು. ಮುಂದಿನ ತೋಳಿಗೆ ಒಂದು ಶಾಕ್, ಹಿಂದಿನದಕ್ಕೆ ಇನ್ನೊಂದು. ಹಿಂದಿನ ಭಾರವನ್ನು ಅನೇಕ ಮಾದರಿಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಟಾರ್ಷನ್ ಸ್ಪ್ರಿಂಗ್ (ತಿರುಚಿದಾಗ ಎದುರು ಬಲ ಕೊಡುವ ಸ್ಪ್ರಿಂಗ್) ಹೊರುತ್ತವೆ. ಕೆಲವದರಲ್ಲಿ ಶಾಕ್‌ಗೆ ಸುತ್ತಿದ ಕಾಯಿಲ್ ಸ್ಪ್ರಿಂಗ್ ಅಥವಾ ಶಾಕ್‌ನೊಳಗಿನ ಗಾಳಿಯೇ ಆ ಕೆಲಸ ಮಾಡುತ್ತದೆ. ಮುಂದಿನ ತೋಳು ಎಷ್ಟು ಕೆಳಕ್ಕೆ ಇಳಿಯಬಹುದು ಎಂಬುದಕ್ಕೆ ಮಿತಿ ಹಾಕುವುದು ಲಿಮಿಟರ್ ಪಟ್ಟಿ. 1959ರಲ್ಲಿ ಮಾರುಕಟ್ಟೆಗೆ ಬಂದ ಸ್ಕಿ-ಡೂ ಹೆಸರಿನ ಮೊದಲ ಸ್ನೋಮೊಬೈಲ್‌ಗಳಲ್ಲಿ ಇದ್ಯಾವುದೂ ಇರಲಿಲ್ಲ, ಟ್ರ್ಯಾಕ್‌ನೊಳಗೆ ಸ್ಪ್ರಿಂಗ್ ಹೊತ್ತ ಚಕ್ರಗಳ ಗುಂಪುಗಳಷ್ಟೇ ಇದ್ದವು. ಹಳಿಗಳ ವ್ಯವಸ್ಥೆ ಅದರ ನಂತರ ವ್ಯಾಪಕವಾಯಿತು.

ಈ ರಚನೆಯಲ್ಲಿ ಒಂದು ಸಂಗತಿಯನ್ನು ಅರ್ಥಮಾಡಿಕೊಳ್ಳದೆ ಯಾವ ಬೋಲ್ಟನ್ನೂ ಮುಟ್ಟಬಾರದು. ಥ್ರಾಟಲ್ ಕೊಟ್ಟಾಗ ಯಂತ್ರದ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ತೋಳು ಚಾಚಿಕೊಳ್ಳುತ್ತದೆ, ಸ್ಕೀಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಆದ್ದರಿಂದ ಹಿಂಬದಿ ಸಸ್ಪೆನ್ಷನ್‌ನಲ್ಲಿ ಮಾಡುವ ಪ್ರತಿಯೊಂದು ಬದಲಾವಣೆಯೂ ಹ್ಯಾಂಡಲ್‌ನ ಹಿಡಿತವನ್ನೂ ಬದಲಿಸುತ್ತದೆ. ಮೃದುವಾದ ಸವಾರಿಗೆಂದು ಹಿಂದಿನ ಸ್ಪ್ರಿಂಗ್ ಸಡಿಲಿಸಿದವರಿಗೆ ತಿರುವಿನಲ್ಲಿ ಯಂತ್ರ ನೇರಕ್ಕೇ ಹೋಗುವ ಅನುಭವವಾಗುವುದು ಇದೇ ಕಾರಣಕ್ಕೆ.

ಕೊಳ್ಳುವ ಮೊದಲು ಅಳತೆ

ಮೊದಲ ಅಳತೆ ಕುಸಿತದ್ದು, ಅಂದರೆ ಸವಾರ ಕುಳಿತಾಗ ಹಿಂಭಾಗ ಎಷ್ಟು ಕೆಳಗಿಳಿಯುತ್ತದೆ ಎಂಬುದು. ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಬಂಪರ್ ಹಿಡಿದು ಸಸ್ಪೆನ್ಷನ್ ಪೂರ್ತಿ ಚಾಚುವವರೆಗೆ ಎತ್ತಿ, ನೆಲದಿಂದ ಬಂಪರ್‌ವರೆಗಿನ ಎತ್ತರವನ್ನು ಬರೆದುಕೊಳ್ಳಬೇಕು. ಬಳಿಕ ಸವಾರನು ನಿಜವಾಗಿ ಸವಾರಿಗೆ ಹೋಗುವ ಉಡುಪು, ಬೂಟು, ಹೆಲ್ಮೆಟ್, ಬೆನ್ನಚೀಲ ಎಲ್ಲವನ್ನೂ ಧರಿಸಿ ಆಸನದ ಮೇಲೆ ತನ್ನ ಎಂದಿನ ಜಾಗದಲ್ಲಿ ಕೂರಬೇಕು; ಅಂಟಿಕೊಂಡ ಭಾಗಗಳು ಸಡಿಲವಾಗುವಂತೆ ಎರಡು ಮೂರು ಬಾರಿ ಮೇಲೆ ಕೆಳಗೆ ಕುಲುಕಿ ಸ್ಥಿರವಾದ ಮೇಲೆ ಇನ್ನೊಬ್ಬರು ಅದೇ ಬಿಂದುವಿನ ಎತ್ತರವನ್ನು ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವೇ ಕುಸಿತ. ಸ್ಕಿ-ಡೂ ಕೈಪಿಡಿಗಳು ಸಾಮಾನ್ಯವಾಗಿ 50ರಿಂದ 75 ಮಿಲಿಮೀಟರ್ ಎನ್ನುತ್ತವೆ. ಬೇರೆ ತಯಾರಕರ, ಬೇರೆ ಮಾದರಿಗಳ ಅಂಕಿ ಬೇರೆಯಾಗಿರಬಹುದು, ಹಾಗಾಗಿ ನಿಮ್ಮ ಯಂತ್ರದ ಕೈಪಿಡಿಯ ಮಾತೇ ಕೊನೆಯದು.

ಚಾಚಿದಾಗ ಎತ್ತರ 640 ಮಿಲಿಮೀಟರ್, ಕುಳಿತಾಗ 530 ಎಂದುಕೊಳ್ಳೋಣ. ಕುಸಿತ 110 ಮಿಲಿಮೀಟರ್. ಅಂದರೆ ಚಲನೆಯ ದೊಡ್ಡ ಪಾಲನ್ನು ಸವಾರನ ತೂಕವೇ ತಿಂದುಹಾಕಿದೆ, ಉಬ್ಬುಗಳಿಗೆ ಉಳಿದಿರುವುದು ಕಡಿಮೆ. ಆಗ ಪ್ರೀಲೋಡ್ ಅನ್ನು, ಅಂದರೆ ಭಾರ ಬೀಳುವ ಮೊದಲೇ ಸ್ಪ್ರಿಂಗ್‌ಗೆ ಕೊಟ್ಟಿರುವ ಬಿಗಿತವನ್ನು, ಏರಿಸಿ ಮತ್ತೆ ಅಳೆಯಬೇಕು. ಟಾರ್ಷನ್ ಸ್ಪ್ರಿಂಗ್ ಇದ್ದರೆ ಅದರ ಉದ್ದನೆಯ ಕಾಲು ಕೂತಿರುವ ಕ್ಯಾಮ್ ಅನ್ನು ಮುಂದಿನ ಹಂತಕ್ಕೆ ತಿರುಗಿಸುವುದು, ಕಾಯಿಲ್ ಇದ್ದರೆ ಶಾಕ್‌ನ ಮೇಲಿನ ಉಂಗುರವನ್ನು ಬಿಗಿಗೊಳಿಸುವುದು. ಕೊನೆಯ ಹಂತದವರೆಗೆ ಏರಿಸಿದರೂ ಕುಸಿತ ಮಿತಿಗೆ ಬಾರದಿದ್ದರೆ ಸ್ಪ್ರಿಂಗ್ ನಿಮಗೆ ಮೆದುವಾಯಿತು; ಅತಿ ಸಡಿಲ ಹಂತದಲ್ಲೂ ಅದು ಕುಸಿಯದಿದ್ದರೆ ಗಟ್ಟಿಯಾಯಿತು.

ಪ್ರೀಲೋಡ್ ಮತ್ತು ಸ್ಪ್ರಿಂಗ್ ದರ ಎರಡೂ ಒಂದೇ ಎಂದು ಭಾವಿಸಿ ಹಣ ಕಳೆದುಕೊಳ್ಳುವವರು ಬಹಳ. ಒಂದು ಸ್ಪ್ರಿಂಗ್ ಅನ್ನು ಒಂದು ಇಂಚು ಅದುಮಲು ನೂರು ಪೌಂಡ್ ಬಲ ಬೇಕಾದರೆ ಅದರ ದರ ಇಂಚಿಗೆ 100 ಪೌಂಡ್, ಅಂದರೆ ಮಿಲಿಮೀಟರಿಗೆ ಸುಮಾರು 17.5 ನ್ಯೂಟನ್. ಪ್ರೀಲೋಡ್ ಎಷ್ಟೇ ಬಿಗಿ ಮಾಡಿದರೂ ಸಮದರದ ಸ್ಪ್ರಿಂಗ್‌ನ ಈ ಸಂಖ್ಯೆ ಬದಲಾಗುವುದಿಲ್ಲ. ಯಂತ್ರ ನಿಲ್ಲುವ ಎತ್ತರವಷ್ಟೇ ಬದಲಾಗುತ್ತದೆ. ತೂಕದ ಸವಾರನೊಬ್ಬ ಮೆದು ಸ್ಪ್ರಿಂಗ್‌ಗೆ ಮಿತಿಮೀರಿ ಪ್ರೀಲೋಡ್ ಕೊಟ್ಟರೆ, ಚಲನೆಯ ಆರಂಭದಲ್ಲಿ ಅದು ಕಲ್ಲಿನಂತೆ ಬಿಗಿಯಾಗಿರುತ್ತದೆ, ದೊಡ್ಡ ಹೊಡೆತಕ್ಕೆ ಮಾತ್ರ ಮೊದಲಿನಂತೆಯೇ ತಳ ಮುಟ್ಟುತ್ತದೆ. ಎರಡೂ ಕಡೆಯ ನಷ್ಟ. ಸ್ಪ್ರಿಂಗ್ ಮಾರುವವರು ಸವಾರನ ತೂಕ, ಯಂತ್ರದ ಮಾದರಿ, ಟ್ರ್ಯಾಕ್‌ನ ಉದ್ದ ಇವನ್ನು ಕೇಳುತ್ತಾರೆ. ಉಡುಪು ಸಾಮಾನುಗಳನ್ನು ಸೇರಿಸಿದ ತೂಕವನ್ನೇ ಅವರಿಗೆ ಹೇಳಬೇಕು, ಇಬ್ಬರು ಕೂತು ಹೋಗುವುದು ರೂಢಿಯಾಗಿದ್ದರೆ ಅದನ್ನೂ.

ಶಾಕ್‌ನ ಆಯ್ಕೆ

ಶಾಕ್‌ನೊಳಗೆ ಪಿಸ್ಟನ್ ಎಣ್ಣೆಯ ಮೂಲಕ ಚಲಿಸುತ್ತದೆ; ಪಿಸ್ಟನ್‌ನಲ್ಲಿರುವ ರಂಧ್ರಗಳು ಮತ್ತು ಅವುಗಳನ್ನು ಮುಚ್ಚುವ ತೆಳು ಉಕ್ಕಿನ ಬಿಲ್ಲೆಗಳು ಎಣ್ಣೆಯ ಹರಿವನ್ನು ತಡೆದು ಚಲನೆಯ ಶಕ್ತಿಯನ್ನು ಶಾಖವಾಗಿ ಬದಲಿಸುತ್ತವೆ. ಅಗ್ಗದ ಶಾಕ್‌ಗಳಲ್ಲಿ ಎಣ್ಣೆ ಮತ್ತು ಅನಿಲ ಒಂದೇ ಕೋಣೆಯಲ್ಲಿರುತ್ತವೆ. ಸಾಲು ದಿಬ್ಬಗಳ ಮೇಲೆ ವೇಗವಾಗಿ ಹೋಗುತ್ತಿದ್ದಂತೆ ಎರಡೂ ಕಲಸಿ ನೊರೆಯಾಗುತ್ತದೆ, ಪಿಸ್ಟನ್‌ಗೆ ಎದುರಾಗುವ ತಡೆ ಕುಗ್ಗುತ್ತದೆ, ಬೆಳಿಗ್ಗೆ ಚೆನ್ನಾಗಿದ್ದ ಯಂತ್ರ ಮಧ್ಯಾಹ್ನದ ಹೊತ್ತಿಗೆ ತಳ ಮುಟ್ಟಲು ತೊಡಗುತ್ತದೆ. ಇದಕ್ಕಿಂತ ಮೇಲಿನ ದರ್ಜೆಯವುಗಳಲ್ಲಿ ತೇಲುವ ಪಿಸ್ಟನ್ ಒಂದು ಎಣ್ಣೆಯನ್ನೂ ಹೆಚ್ಚಿನ ಒತ್ತಡದ ನೈಟ್ರೋಜನ್ ಅನ್ನೂ ಬೇರ್ಪಡಿಸುತ್ತದೆ. ನೈಟ್ರೋಜನ್ ಎಣ್ಣೆಯನ್ನು ಸದಾ ಒತ್ತುತ್ತಿರುವುದರಿಂದ ಗುಳ್ಳೆಗಳು ಏಳುವುದಿಲ್ಲ. ಪಕ್ಕದಲ್ಲಿ ಪ್ರತ್ಯೇಕ ಎಣ್ಣೆ ತೊಟ್ಟಿ ಇರುವ ಶಾಕ್‌ನಲ್ಲಿ ಎಣ್ಣೆಯ ಪ್ರಮಾಣ ಹೆಚ್ಚು, ಆದ್ದರಿಂದ ಅದು ಬೇಗ ಕಾಯುವುದಿಲ್ಲ. ಕಂಪ್ರೆಷನ್ (ಶಾಕ್ ಅದುಮಿಕೊಳ್ಳುವಾಗಿನ ತಡೆ) ಹೊಂದಿಸಲು ಹೊರಗಿನಿಂದ ತಿರುಗಿಸುವ ಗುಂಡಿಯೂ ಹೆಚ್ಚಾಗಿ ಅಲ್ಲೇ ಇರುತ್ತದೆ. ಫಾಕ್ಸ್, ಕೆವೈಬಿ, ಓಲಿನ್ಸ್, ವಾಕರ್ ಇವಾನ್ಸ್ ಮೊದಲಾದ ಹೆಸರುಗಳು ಈ ಕ್ಷೇತ್ರದಲ್ಲಿ ಪರಿಚಿತವಾದವು. ನನ್ನ ಆಯ್ಕೆಯ ಮಾನದಂಡ ಹೆಸರಿಗಿಂತ ಮುಖ್ಯವಾಗಿ ಇನ್ನೊಂದು: ಆ ಶಾಕ್ ಅನ್ನು ಬಿಚ್ಚಿ ಎಣ್ಣೆ, ಸೀಲ್ ಬದಲಿಸಲು ಬರುತ್ತದೆಯೇ? ಬಿಚ್ಚಲಾಗದಂತೆ ಮುಚ್ಚಿದ ಶಾಕ್ ಸೀಲ್ ಸೋರಿದ ದಿನವೇ ಗುಜರಿಯಾಗುತ್ತದೆ.

ಗಾಳಿಯನ್ನೇ ಸ್ಪ್ರಿಂಗ್ ಆಗಿ ಬಳಸುವ ಶಾಕ್‌ಗಳು ಹಗುರ, ಮತ್ತು ಬೇರೆ ಬೇರೆ ತೂಕದ ಸವಾರರಿಗೆ ಸ್ಪ್ರಿಂಗ್ ಕೊಳ್ಳದೆಯೇ ಹೊಂದಿಸಬಹುದು. ಅವುಗಳ ದೌರ್ಬಲ್ಯ ಚಳಿ. ಮುಚ್ಚಿದ ಕೋಣೆಯಲ್ಲಿನ ಗಾಳಿಯ ಒತ್ತಡ ತಾಪಮಾನದೊಂದಿಗೆ ಇಳಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್ ಇರುವ ಗ್ಯಾರೇಜಿನಲ್ಲಿ 100 ಪಿಎಸ್‌ಐ ತುಂಬಿಸಿದರೆ, ಮೈನಸ್ 20 ಡಿಗ್ರಿಯ ಹೊರಗಾಳಿಯಲ್ಲಿ ಅದು ಸುಮಾರು 84 ಪಿಎಸ್‌ಐ ಆಗಿರುತ್ತದೆ. ಹೀಗಾಗಿ ಇಂತಹ ಶಾಕ್‌ಗಳಿಗೆ ಯಂತ್ರ ಹೊರಗೆ ಚಳಿಯಲ್ಲಿ ಕೆಲವು ಗಂಟೆ ನಿಂತ ಮೇಲೆಯೇ, ಶಾಕ್‌ಗೆಂದೇ ಮಾಡಿದ ಕೈಪಂಪಿನಿಂದ ಒತ್ತಡ ಹೊಂದಿಸಬೇಕು. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಇಲ್ಲಿ ಬೇಡ. ಕೋಣೆ ಬಹಳ ಚಿಕ್ಕದಾದ್ದರಿಂದ ಒಂದು ಕ್ಷಣದಲ್ಲಿ ಮಿತಿ ದಾಟಿಹೋಗುತ್ತದೆ.

ಯಾವುದೇ ಬಗೆಯನ್ನು ಆರಿಸಿದರೂ ಹಣ ಕೊಡುವ ಮುಂಚೆ ತಾಳೆ ನೋಡಬೇಕಾದ ಅಳತೆಗಳಿವೆ. ಪೂರ್ತಿ ಚಾಚಿದಾಗ ಒಂದು ತುದಿಯ ಬೋಲ್ಟ್ ಕಣ್ಣಿನ ನಡುವಿನಿಂದ ಇನ್ನೊಂದು ತುದಿಯ ಕಣ್ಣಿನ ನಡುವಿಗೆ ಇರುವ ಉದ್ದ, ಪೂರ್ತಿ ಅದುಮಿದಾಗಿನ ಉದ್ದ, ಕಣ್ಣಿನೊಳಗಿನ ಗೊಳವೆಯ ಅಗಲ, ಬೋಲ್ಟ್‌ನ ವ್ಯಾಸ. ಅದುಮಿದಾಗಿನ ಉದ್ದ ಹಳೆಯದಕ್ಕಿಂತ ಹೆಚ್ಚಾಗಿದ್ದರೆ, ತಡೆರಬ್ಬರುಗಳು (ಚಲನೆಯ ಕೊನೆಯಲ್ಲಿ ಹೊಡೆತ ತಾಳುವ ರಬ್ಬರ್ ತುಂಡುಗಳು) ತಾಗುವ ಮೊದಲೇ ಶಾಕ್ ಒಳಗೆ ಲೋಹಕ್ಕೆ ಲೋಹ ಬಡಿದು ಕಣ್ಣು ಅಥವಾ ತೋಳು ಮುರಿಯುತ್ತದೆ. ಟಾರ್ಷನ್ ಸ್ಪ್ರಿಂಗ್‌ಗಾಗಿ ರಚಿಸಿದ ಸ್ಕಿಡ್‌ಗೆ ಬರೀ ಕಾಯಿಲ್ ಶಾಕ್ ಒಂದನ್ನು ಹಾಕಿ ಟಾರ್ಷನ್ ಸ್ಪ್ರಿಂಗ್ ತೆಗೆದುಬಿಡುವ ಯೋಚನೆ ಬೇಡ. ತೋಳುಗಳ ಜ್ಯಾಮಿತಿ, ಶಾಕ್ ಕೂರುವ ಕೊಕ್ಕೆಗಳ ಬಲ ಎರಡೂ ಬೇರೆಯದೇ ಲೆಕ್ಕದವು.

ಬಿಚ್ಚುವ ಕೆಲಸ

ಹಿಂದಿನ ಶಾಕ್ ಅನ್ನು ಹಲವು ಯಂತ್ರಗಳಲ್ಲಿ ಸ್ಕಿಡ್ ಹೊರತೆಗೆಯದೆಯೇ ಬದಲಿಸಬಹುದು. ಮುಂದಿನದಕ್ಕೆ ಸ್ಕಿಡ್ ಇಳಿಸುವುದು ಬಹುತೇಕ ಅನಿವಾರ್ಯ. ಒಂದನ್ನೇ ಬದಲಿಸುವುದಿದ್ದರೂ ಸ್ಕಿಡ್ ಹೊರಗೆ ಬರಲಿ ಎಂಬುದು ನನ್ನ ಸಲಹೆ, ಏಕೆಂದರೆ ಸವೆದ ಭಾಗಗಳು ಕಣ್ಣಿಗೆ ಬೀಳುವುದು ಆಗ ಮಾತ್ರ. ಬೇಕಾಗುವ ಸಲಕರಣೆ ಹೆಚ್ಚಿಲ್ಲ: ಸಾಕೆಟ್ ಮತ್ತು ಸ್ಪಾನರ್ ಜೋಡಿಗಳು, ಟಾರ್ಕ್ ರೆಂಚ್ (ಬಿಗಿತವನ್ನು ಅಳೆದು ತೋರಿಸುವ ರೆಂಚ್), ಟಾರ್ಷನ್ ಸ್ಪ್ರಿಂಗ್ ಎಳೆಯುವ ಕೊಕ್ಕೆ, ಉಂಗುರ ತಿರುಗಿಸುವ ಸಿ ಆಕಾರದ ಸ್ಪಾನರ್, ರ್ಯಾಚೆಟ್ ಪಟ್ಟಿ, ಮಧ್ಯಮ ಬಲದ ಥ್ರೆಡ್ ಲಾಕರ್ (ಬೋಲ್ಟ್ ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು), ಚಳಿಗೆ ಗಟ್ಟಿಯಾಗದ ಗ್ರೀಸ್, ಮತ್ತು ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿ. ಕೈಪಿಡಿ ಇಲ್ಲದೆ ಬೋಲ್ಟ್‌ಗಳ ಬಿಗಿತವನ್ನು ಊಹಿಸಿ ಹಾಕುವುದಕ್ಕಿಂತ ಕೆಲಸವನ್ನು ಒಂದು ವಾರ ಮುಂದೂಡುವುದು ಒಳ್ಳೆಯದು.

ಇಂಜಿನ್ ತಣ್ಣಗಾಗಿರಲಿ, ಕೀಲಿ ಮತ್ತು ಸುರಕ್ಷತಾ ಹಗ್ಗ ಎರಡೂ ತೆಗೆದಿರಲಿ. ಹಿಂಭಾಗವನ್ನು ಬಂಪರ್‌ನ ಮೂಲಕ ಗಟ್ಟಿಯಾದ ಸ್ಟ್ಯಾಂಡ್ ಅಥವಾ ಚೈನ್ ಹಾಯ್ಸ್ಟ್‌ನಿಂದ ಎತ್ತಿ, ಅದು ಜಾರದಂತೆ ಎರಡನೆಯ ಆಸರೆಯನ್ನೂ ಕೊಡಬೇಕು. ಕಾರಿನ ಜಾಕ್ ಒಂದನ್ನೇ ನಂಬಿ ಕೈಯನ್ನು ಟನಲ್‌ನೊಳಗೆ ಹಾಕಬಾರದು. ಯಂತ್ರವನ್ನು ಒಂದು ಮಗ್ಗುಲಿಗೆ ಮಲಗಿಸಿ ಕೆಲಸ ಮಾಡುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಇಂಧನ, ಎಣ್ಣೆ, ಬ್ಯಾಟರಿ ದ್ರವ ಯಾವ ಕಡೆಗೆ ಸೋರಬಹುದು ಎಂದು ಕೈಪಿಡಿಯಲ್ಲಿ ನೋಡಿಕೊಂಡು, ಕೆಳಗೆ ದಪ್ಪ ರಟ್ಟು ಹಾಸಬೇಕು. ಬಿಚ್ಚಲು ತೊಡಗುವ ಮೊದಲು ಎರಡೂ ಬದಿಯಿಂದ ಫೋಟೋ ತೆಗೆದುಕೊಳ್ಳಿ. ವಾಷರ್‌ಗಳ ಕ್ರಮ, ಲಿಮಿಟರ್ ಪಟ್ಟಿ ಯಾವ ರಂಧ್ರದಲ್ಲಿತ್ತು, ಸ್ಪ್ರಿಂಗ್‌ನ ಕಾಲು ಯಾವ ಕಡೆಯಿಂದ ಹಾದುಹೋಗಿತ್ತು ಎಂಬುದೆಲ್ಲ ಜೋಡಿಸುವ ಹೊತ್ತಿಗೆ ನೆನಪಿರುವುದಿಲ್ಲ.

ಮೊದಲು ಹಿಂದಿನ ಅಚ್ಚಿನ ಬೋಲ್ಟ್ ಸಡಿಲಿಸಿ, ಟ್ರ್ಯಾಕ್ ಬಿಗಿಯುವ ಎರಡು ಸ್ಕ್ರೂಗಳನ್ನು ಹಿಂದಕ್ಕೆ ತಿರುಗಿಸಿ ಟ್ರ್ಯಾಕ್ ಜೋತುಬೀಳುವಂತೆ ಮಾಡಬೇಕು. ಎರಡನೆಯದು ಟಾರ್ಷನ್ ಸ್ಪ್ರಿಂಗ್, ಮತ್ತು ಇಡೀ ಕೆಲಸದಲ್ಲಿ ಗಾಯವಾಗುವ ಸಾಧ್ಯತೆ ಹೆಚ್ಚಿರುವುದು ಇಲ್ಲೇ. ಕ್ಯಾಮ್ ಅನ್ನು ಅತ್ಯಂತ ಸಡಿಲ ಹಂತಕ್ಕೆ ತಂದು, ಸ್ಪ್ರಿಂಗ್‌ನ ಉದ್ದನೆಯ ಕಾಲನ್ನು ಅದಕ್ಕೆಂದೇ ಮಾಡಿದ ಕೊಕ್ಕೆಯಿಂದ ಹಿಡಿದು ಕ್ಯಾಮ್‌ನ ಮೇಲಿಂದ ನಿಧಾನವಾಗಿ ಬಿಡಿಸಬೇಕು. ಕಾಲು ಹಾರಿಹೋಗಬಹುದಾದ ದಾರಿಯಲ್ಲಿ ಮುಖವಾಗಲಿ ಮುಂಗೈಯಾಗಲಿ ಇರಬಾರದು. ಕಣ್ಣಿಗೆ ಕನ್ನಡಕ ಇರಲೇಬೇಕು. ಸ್ಕ್ರೂಡ್ರೈವರ್‌ನಿಂದ ಮೀಟುವುದು ಸುಲಭವೆಂದು ತೋರುತ್ತದೆ, ಆದರೆ ಜಾರಿದ ಸ್ಪ್ರಿಂಗ್‌ನ ಕಾಲು ಬೆರಳಿನ ಮೂಳೆ ಮುರಿಯುವಷ್ಟು ಬಲದಿಂದ ಬರುತ್ತದೆ.

ಸ್ಕಿಡ್ ಅನ್ನು ಟನಲ್‌ಗೆ ಹಿಡಿದಿಡುವುದು ಸಾಮಾನ್ಯವಾಗಿ ನಾಲ್ಕು ದೊಡ್ಡ ಬೋಲ್ಟ್‌ಗಳು, ಬದಿಗೆ ಎರಡರಂತೆ. ಎಡದ ಬೋಲ್ಟ್ ಮತ್ತು ಬಲದ ಬೋಲ್ಟ್ ಒಂದೇ ಅಡ್ಡ ಶಾಫ್ಟ್‌ನ ಎರಡು ತುದಿಗಳಿಗೆ ತಿರುಗಿಕೊಂಡಿರುತ್ತವೆ. ಒಂದನ್ನು ಪೂರ್ತಿ ಬಿಚ್ಚಿಬಿಟ್ಟರೆ, ಇನ್ನೊಂದನ್ನು ತಿರುಗಿಸಲು ಹೋದಾಗ ಶಾಫ್ಟ್ ಜೊತೆಯಲ್ಲೇ ಸುತ್ತುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಆದ್ದರಿಂದ ಎರಡೂ ಬದಿಗೆ ಏಕಕಾಲಕ್ಕೆ ರೆಂಚ್ ಹಾಕಿ, ಎರಡನ್ನೂ ಒಂದೊಂದು ಸುತ್ತು ಸಡಿಲಿಸಿದ ಮೇಲೆಯೇ ಯಾವುದಾದರೊಂದನ್ನು ಹೊರತೆಗೆಯಬೇಕು. ಬೋಲ್ಟ್ ಸಡಿಲವಾದರೂ ಹೊರಗೆ ಬಾರದಿದ್ದರೆ ಅದರ ಮೇಲೆ ಭಾರ ಬಿದ್ದಿದೆ ಎಂದರ್ಥ. ಯಂತ್ರವನ್ನು ಬೆರಳಗಲದಷ್ಟು ಎತ್ತಿಯೋ ಇಳಿಸಿಯೋ ನೋಡಿದರೆ ಕೈಯಿಂದಲೇ ಬರುತ್ತದೆ. ಬಳಿಕ ಸ್ಕಿಡ್ ಅನ್ನು ಮಡಚಿ, ಓರೆ ಮಾಡಿ, ಟ್ರ್ಯಾಕ್‌ನ ಪಕ್ಕದಿಂದ ಎಳೆದುಕೊಳ್ಳಬೇಕು. ಇದು ಇಬ್ಬರ ಕೆಲಸ.

ಬಿಚ್ಚಿದ ಮೇಲೆ ನೋಡಬೇಕಾದದ್ದು

ಮಣ್ಣು, ಹಳೆಯ ಗ್ರೀಸ್ ತೊಳೆದು ಒಣಗಿಸಿದ ಮೇಲೆ ಪ್ರತಿಯೊಂದು ಚಕ್ರವನ್ನೂ ಬೆರಳಿನಿಂದ ತಿರುಗಿಸಿ ನೋಡಿ. ಕರಕರ ಸದ್ದು, ಅಡ್ಡಾದಿಡ್ಡಿ ಅಲುಗಾಟ, ಹರಿದ ಸೀಲ್ ಇದ್ದರೆ ಬೇರಿಂಗ್ ಹೋಗಿದೆ. ಅದರ ಅಂಚಿನಲ್ಲೇ ಸಂಖ್ಯೆ ಅಚ್ಚಾಗಿರುವುದರಿಂದ ಅದೇ ಅಳತೆಯದನ್ನು ತರುವುದು ಕಷ್ಟವಲ್ಲ. ತೋಳುಗಳನ್ನು ಶಾಫ್ಟ್‌ಗಳ ಮೇಲೆ ಪಕ್ಕಕ್ಕೆ ಅಲುಗಾಡಿಸಿದಾಗ ಟಕಟಕ ಎಂದರೆ ಬುಷ್ ಸವೆದಿದೆ. ಸವೆದ ಬುಷ್ ಅಲ್ಲೊಂದು ಇಲ್ಲೊಂದು ಇದ್ದರೂ ಅವುಗಳ ಸಡಿಲವೆಲ್ಲ ಕೂಡಿ ಹಿಂಭಾಗ ತೂರಾಡುವಂತಾಗುತ್ತದೆ, ಮತ್ತು ಶಾಕ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಒಂದಷ್ಟು ಇಲ್ಲೇ ಬಗೆಹರಿಯುತ್ತವೆ. ಹಳಿಗಳ ಮುಂದಿನ ಬಾಗು ಮತ್ತು ತೋಳುಗಳು ಕೂರುವ ರಂಧ್ರಗಳ ಸುತ್ತ ಕೂದಲೆಳೆಯಂತಹ ಬಿರುಕು ಇದೆಯೇ ಎಂದು ಬೆಳಕು ಹಿಡಿದು ನೋಡಬೇಕು. ಬಿರುಕು ಬಿಟ್ಟ ಹಳಿಯ ಮೇಲೆ ಹೊಸ ಶಾಕ್ ಹಾಕುವುದು ವ್ಯರ್ಥ. ಸ್ಲೈಡ್‌ಗಳಲ್ಲಿ ಸವಕಳಿಯ ಗೆರೆ ಇರುತ್ತದೆ. ಸವೆತ ಅದನ್ನು ಮುಟ್ಟಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಹಳೆಯ ಶಾಕ್‌ನ ಕಂಬಿಯ ಮೇಲೆ ಎಣ್ಣೆಯ ಪಸೆ, ಗೀರು ಅಥವಾ ತುಕ್ಕಿನ ಚುಕ್ಕೆಗಳಿದ್ದರೆ ಸೀಲ್ ಹೋಗಿದೆ. ಸ್ಪ್ರಿಂಗ್ ತೆಗೆದ ಮೇಲೆ ಕಂಬಿಯನ್ನು ಕೈಯಿಂದ ಒಳಕ್ಕೆ ಒತ್ತಿ ಬಿಟ್ಟಾಗ, ನೈಟ್ರೋಜನ್ ತುಂಬಿದ ಆರೋಗ್ಯವಂತ ಶಾಕ್ ತಾನಾಗಿ ನಿಧಾನವಾಗಿ ಹೊರಕ್ಕೆ ಬರುತ್ತದೆ. ಬಾರದಿದ್ದರೆ ಅನಿಲ ಸೋರಿಹೋಗಿದೆ, ನಡುವೆ ಎಲ್ಲೋ ತಡೆಯೇ ಇಲ್ಲದೆ ಪೊಳ್ಳಾಗಿ ಚಲಿಸಿದರೆ ಎಣ್ಣೆ ಕಡಿಮೆಯಾಗಿದೆ. ಬಿಚ್ಚಬಹುದಾದ ಶಾಕ್ ಆಗಿದ್ದರೆ ಹೊಸದನ್ನು ಕೊಳ್ಳುವ ಬದಲು ಅದನ್ನೇ ಶಾಕ್ ಕೆಲಸ ಬಲ್ಲವರಲ್ಲಿ ಕೊಟ್ಟು ಎಣ್ಣೆ, ಸೀಲ್ ಬದಲಿಸಿ ನಿಮ್ಮ ತೂಕಕ್ಕೆ ತಕ್ಕ ಬಿಲ್ಲೆಗಳನ್ನು ಹಾಕಿಸುವುದು ಅನೇಕ ಸಲ ಸಾಕಾಗುತ್ತದೆ. ಈ ಒಂದು ಭಾಗವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನೈಟ್ರೋಜನ್ ಒತ್ತಡವಿರುವ ಶಾಕ್‌ನ ಮುಚ್ಚಳ ಒತ್ತಡ ಇಳಿಸದೆ ಸಡಿಲವಾದರೆ ಗುಂಡಿನಂತೆ ಹಾರುತ್ತದೆ, ತೇಲುವ ಪಿಸ್ಟನ್‌ನ ಆಳವನ್ನು ಮಿಲಿಮೀಟರಿನ ನಿಖರತೆಯಲ್ಲಿ ಇಡಲೂ ಅನಿಲ ತುಂಬಲೂ ಬೇಕಾದ ಸಲಕರಣೆ ಸಾಮಾನ್ಯ ಗ್ಯಾರೇಜಿನಲ್ಲಿ ಇರುವುದಿಲ್ಲ.

ಕೂರಿಸುವುದು

ಕಾಯಿಲ್ ಶಾಕ್‌ನ ಉಂಗುರವನ್ನು ತಿರುಗಿಸುವ ಮೊದಲು ಅದರ ಮರೆಗಳನ್ನು (ತಿರುಪಿನ ಗೆರೆಗಳನ್ನು) ಬ್ರಷ್‌ನಿಂದ ತೊಳೆದು ಒಂದು ಹನಿ ಎಣ್ಣೆ ಬಿಡಬೇಕು. ಅಲ್ಯೂಮಿನಿಯಂ ಮರೆಯಲ್ಲಿ ಮರಳು ಸಿಕ್ಕಿದರೆ ಉಂಗುರ ಅಲ್ಲೇ ಕಚ್ಚಿಕೊಳ್ಳುತ್ತದೆ. ಉಂಗುರವನ್ನು ಪೂರ್ತಿ ಸಡಿಲಿಸಿದಾಗ ಸ್ಪ್ರಿಂಗ್ ಆಡುವಂತಾದರೆ ತುದಿಯ ತಡೆಬಿಲ್ಲೆಯನ್ನು ಕೈಯಿಂದ ತೆಗೆಯಬಹುದು, ಇಲ್ಲದಿದ್ದರೆ ಸ್ಪ್ರಿಂಗ್ ಅದುಮುವ ಸಲಕರಣೆಯೇ ಬೇಕು. ಟಾರ್ಷನ್ ಸ್ಪ್ರಿಂಗ್‌ಗಳಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಎರಡೂ ಒಂದೇ ದರದ ಜೋಡಿಯಾಗಿರಬೇಕು.

ಹೊಸ ಶಾಕ್ ಅನ್ನು ಸ್ಪ್ರಿಂಗ್ ಇಲ್ಲದೆ ಮೊದಲು ಕೂರಿಸಿ, ಸ್ಕಿಡ್ ಅನ್ನು ರ್ಯಾಚೆಟ್ ಪಟ್ಟಿಯಿಂದ ಪೂರ್ತಿ ಮಡಚುವವರೆಗೆ ಎಳೆದು, ಎಣ್ಣೆ ತೊಟ್ಟಿ, ಅದರ ಕೊಳವೆ, ಹೊಂದಿಸುವ ಗುಂಡಿಗಳು ತೋಳಿಗಾಗಲಿ ಹಳಿಗಾಗಲಿ ತಾಗುತ್ತವೆಯೇ ಎಂದು ಪರೀಕ್ಷಿಸಬೇಕು. ಈ ಪರೀಕ್ಷೆಗೆ ಹೆಚ್ಚು ಸಮಯ ಹಿಡಿಯುವುದಿಲ್ಲ, ಆದರೂ ಬಹಳಷ್ಟು ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಮಡಚಿದ ಸ್ಥಿತಿಯಲ್ಲಿ ತಡೆರಬ್ಬರುಗಳು ಮೊದಲು ತಾಗಬೇಕು. ಚಾಚಿದ ಸ್ಥಿತಿಯಲ್ಲಿ ಮುಂದಿನ ತೋಳನ್ನು ಲಿಮಿಟರ್ ಪಟ್ಟಿ ತಡೆಯಬೇಕೇ ಹೊರತು ಶಾಕ್ ಅಲ್ಲ. ಎಣ್ಣೆ ಮತ್ತು ಅನಿಲ ಒಂದೇ ಕೋಣೆಯಲ್ಲಿರುವ ಶಾಕ್ ಆಗಿದ್ದರೆ ತಯಾರಕರು ಹೇಳಿದ ತುದಿಯೇ ಮೇಲಿರಬೇಕು. ಕಣ್ಣಿನ ಗೊಳವೆಗೆ ಗ್ರೀಸ್ ಸವರಿ, ಬೋಲ್ಟ್‌ಗೆ ಥ್ರೆಡ್ ಲಾಕರ್ ಹಾಕಿ, ಕೈಪಿಡಿಯ ಟಾರ್ಕ್‌ಗೆ ಬಿಗಿದ ಮೇಲೂ ಶಾಕ್ ಕಣ್ಣಿನಲ್ಲಿ ಸರಾಗವಾಗಿ ತಿರುಗುತ್ತಿರಬೇಕು.

ಸ್ಕಿಡ್ ಅನ್ನು ರ್ಯಾಚೆಟ್ ಪಟ್ಟಿಯಿಂದ ಅರ್ಧ ಮಡಚಿಟ್ಟುಕೊಂಡೇ ಟ್ರ್ಯಾಕ್‌ನೊಳಗೆ ತೂರಿಸಿದರೆ ರಂಧ್ರಗಳನ್ನು ಹೊಂದಿಸುವುದು ಸುಲಭ. ಮುಂದಿನ ಬೋಲ್ಟ್‌ಗಳು ಮೊದಲು, ಹಿಂದಿನವು ಆಮೇಲೆ. ನಾಲ್ಕೂ ಕೈಯಿಂದ ಕೆಲವು ಸುತ್ತು ಹಿಡಿದ ಮೇಲೆಯೇ ಟಾರ್ಕ್ ರೆಂಚ್ ಬಳಸಬೇಕು. ಟಾರ್ಷನ್ ಸ್ಪ್ರಿಂಗ್‌ಗಳನ್ನು ಕೊನೆಗೆ ಕ್ಯಾಮ್ ಮೇಲೆ ಕೂರಿಸಿ. ಗ್ರೀಸ್ ನಿಪ್ಪಲ್‌ಗಳಿಗೆ ಹೊಸ ಗ್ರೀಸ್ ಹೊರಕ್ಕೆ ಕಾಣುವವರೆಗೆ ಪಂಪ್ ಮಾಡಿ.

ಟ್ರ್ಯಾಕ್‌ನ ಬಿಗಿತವನ್ನು ಅಳತೆಯಿಂದಲೇ ಹೊಂದಿಸಬೇಕು. ಸ್ಕಿ-ಡೂನ ಅನೇಕ ಮಾದರಿಗಳಲ್ಲಿ ಟ್ರ್ಯಾಕ್‌ನ ಕೆಳಭಾಗದ ನಡುವೆ 7.3 ಕಿಲೋಗ್ರಾಂ ಎಳೆತ ಕೊಟ್ಟಾಗ ಸ್ಲೈಡ್‌ಗೂ ಟ್ರ್ಯಾಕ್‌ಗೂ ನಡುವೆ 30ರಿಂದ 35 ಮಿಲಿಮೀಟರ್ ಅಂತರ ಬರಬೇಕು. ಅತಿ ಬಿಗಿಯಾದರೆ ಸ್ಲೈಡ್ ಮತ್ತು ಬೇರಿಂಗ್ ಸವೆಯುತ್ತವೆ, ಸಡಿಲವಾದರೆ ಚಾಲಕ ಹಲ್ಲುಚಕ್ರದ ಮೇಲೆ ಟ್ರ್ಯಾಕ್ ಹಾರುತ್ತದೆ. ಬಳಿಕ ಹಿಂಭಾಗವನ್ನು ಭದ್ರವಾದ ಸ್ಟ್ಯಾಂಡಿನ ಮೇಲಿಟ್ಟು, ಗಾಳಿಯಾಡುವ ಜಾಗದಲ್ಲಿ ಇಂಜಿನ್ ಚಾಲೂ ಮಾಡಿ ಟ್ರ್ಯಾಕ್ ನಿಧಾನವಾಗಿ ತಿರುಗುವಂತೆ ಮಾಡಬೇಕು. ಹಿಂದೆ ಯಾರೂ ನಿಲ್ಲಬಾರದು. ಸಡಿಲವಾದ ಮೊಳೆ, ಸಿಕ್ಕಿಕೊಂಡ ಕಲ್ಲು ಗುರಿಯಿಟ್ಟಂತೆ ಹಿಂದಕ್ಕೇ ಹಾರುತ್ತವೆ. ಇಂಜಿನ್ ನಿಲ್ಲಿಸಿ ಟ್ರ್ಯಾಕ್ ತಾನಾಗಿ ನಿಂತ ಮೇಲೆ ಎರಡೂ ಕಡೆಯ ಅಂತರ ನೋಡಿ. ಟ್ರ್ಯಾಕ್ ಸಡಿಲ ಬದಿಗೆ ಸರಿಯುತ್ತದೆ, ಆದ್ದರಿಂದ ಅದು ಎಡಕ್ಕೆ ವಾಲಿದ್ದರೆ ಎಡದ ಸ್ಕ್ರೂವನ್ನು ಸ್ವಲ್ಪ ಬಿಗಿಯಬೇಕು.

ಹಿಮದ ಮೇಲೆ ಹೊಂದಿಸುವುದು

ಈಗ ಕುಸಿತವನ್ನು ಮತ್ತೊಮ್ಮೆ ಅಳೆದು ಮಿತಿಯೊಳಗೆ ತನ್ನಿ. ಅದಕ್ಕಿಂತ ಮೊದಲು ಶಾಕ್‌ನ ಡ್ಯಾಂಪಿಂಗ್ (ಎಣ್ಣೆಯ ತಡೆ) ಗುಂಡಿಗಳನ್ನು ಮುಟ್ಟುವುದರಲ್ಲಿ ಅರ್ಥವಿಲ್ಲ. ಗುಂಡಿಯನ್ನು ಪ್ರದಕ್ಷಿಣವಾಗಿ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಎಷ್ಟು ಕ್ಲಿಕ್ ಎಂದು ಎಣಿಸಿ ತಯಾರಕರ ಆರಂಭದ ಸ್ಥಾನಕ್ಕೆ ತಂದು ಬರೆದಿಟ್ಟುಕೊಳ್ಳಬೇಕು. ಚಳಿಯಲ್ಲಿ ಎಣ್ಣೆ ದಪ್ಪಗಾಗಿರುವುದರಿಂದ ಮೊದಲ ಕೆಲವು ಕಿಲೋಮೀಟರ್‌ಗಳ ಅನುಭವದ ಮೇಲೆ ತೀರ್ಮಾನಕ್ಕೆ ಬರಬಾರದು. ಶಾಕ್ ಬೆಚ್ಚಗಾದ ಮೇಲೆ ಒಂದೇ ದಾರಿಯ ತುಂಡಿನಲ್ಲಿ, ಒಂದೇ ವೇಗದಲ್ಲಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಕ್ಲಿಕ್‌ಗಿಂತ ಹೆಚ್ಚು ತಿರುಗಿಸದೆ ನೋಡುತ್ತಾ ಹೋಗಬೇಕು.

ರೀಬೌಂಡ್‌ನಲ್ಲಿ, ಅಂದರೆ ಅದುಮಿದ ಶಾಕ್ ಮತ್ತೆ ಚಾಚಿಕೊಳ್ಳುವುದರಲ್ಲಿ, ಎರಡು ವಿರುದ್ಧ ದೋಷಗಳು ಮೊದಲ ನೋಟಕ್ಕೆ ಒಂದೇ ಥರ ಕಾಣುತ್ತವೆ, ಆದ್ದರಿಂದ ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಉಬ್ಬು ದಾಟಿದ ಮರುಕ್ಷಣ ಹಿಂಭಾಗ ಮೇಲಕ್ಕೆ ಚಿಮ್ಮಿ ಸವಾರನನ್ನು ಹ್ಯಾಂಡಲ್‌ನತ್ತ ನೂಕಿದರೆ ರೀಬೌಂಡ್ ಅತಿ ವೇಗವಾಗಿದೆ, ಬಿಗಿಯಬೇಕು. ಸಾಲು ದಿಬ್ಬಗಳಲ್ಲಿ ಮೊದಲ ಎರಡು ಮೂರು ಸುಖವಾಗಿ ದಾಟಿ, ಆಮೇಲಿನವು ಹೆಚ್ಚು ಹೆಚ್ಚು ಗಡುಸಾಗುತ್ತಾ ಕೊನೆಗೆ ತಳ ಮುಟ್ಟಿದರೆ ರೀಬೌಂಡ್ ಅತಿ ನಿಧಾನವಾಗಿದೆ. ಒಂದು ದಿಬ್ಬಕ್ಕೂ ಮುಂದಿನದಕ್ಕೂ ನಡುವೆ ಶಾಕ್ ಪೂರ್ತಿ ಚಾಚಿಕೊಳ್ಳಲು ಸಮಯ ಸಾಲದೆ, ಪ್ರತಿ ಸಲ ಇನ್ನಷ್ಟು ಕೆಳಗೆ ಕುಳಿತೇ ಮುಂದಿನ ಹೊಡೆತವನ್ನು ಎದುರಿಸುತ್ತದೆ. ಇದನ್ನು ತಳ ಮುಟ್ಟುವ ದೋಷವೆಂದು ತಿಳಿದು ಕಂಪ್ರೆಷನ್ ಬಿಗಿದವರು ಸವಾರಿಯನ್ನು ಇನ್ನೂ ಒರಟು ಮಾಡಿಕೊಳ್ಳುತ್ತಾರೆ. ಎಷ್ಟನೆಯ ದಿಬ್ಬದಲ್ಲಿ ಹೊಡೆತ ಬಿತ್ತು ಎಂಬುದನ್ನು ಗಮನಿಸಿದರೆ ಗೊಂದಲ ಉಳಿಯುವುದಿಲ್ಲ.

ಕುಸಿತ ಸರಿಯಿದ್ದೂ ಒಂದೇ ದೊಡ್ಡ ಉಬ್ಬಿಗೆ ತಳ ಮುಟ್ಟಿದರೆ ಕಂಪ್ರೆಷನ್ ಏರಿಸಬೇಕು. ಅತಿವೇಗದ ಮತ್ತು ಕಡಿಮೆ ವೇಗದ ಗುಂಡಿಗಳು ಬೇರೆಯಾಗಿದ್ದರೆ ಅತಿವೇಗದ್ದನ್ನು. ಇಲ್ಲಿ ವೇಗವೆಂದರೆ ಶಾಕ್‌ನ ಕಂಬಿಯ ವೇಗ, ಯಂತ್ರದ್ದಲ್ಲ. ಸಣ್ಣ ಏರಿಳಿತಗಳಲ್ಲೇ ಬೆನ್ನಿಗೆ ನಡುಕ ತಾಗುತ್ತಿದ್ದರೆ ಕಡಿಮೆ ವೇಗದ ಕಂಪ್ರೆಷನ್ ಇಳಿಸಬೇಕು. ಹೊಡೆತ ಆಸನದ ಕೆಳಗಲ್ಲದೆ ಪಾದಗಳ ಬಳಿ ಕೇಳಿಸಿದರೆ ತಳ ಮುಟ್ಟುತ್ತಿರುವುದು ಮುಂದಿನ ಶಾಕ್.

ತಿರುವಿನಲ್ಲಿ ಸ್ಕೀಗಳು ಕಚ್ಚದೆ ಯಂತ್ರ ಹೊರಕ್ಕೆ ಜಾರಿದರೆ ಲಿಮಿಟರ್ ಪಟ್ಟಿಯನ್ನು ಒಂದು ರಂಧ್ರ ಗಿಡ್ಡ ಮಾಡಬಹುದು, ಅಥವಾ ಮುಂದಿನ ಶಾಕ್‌ನ ಪ್ರೀಲೋಡ್ ಇಳಿಸಬಹುದು; ಎರಡರಿಂದಲೂ ಸ್ಕೀಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಹ್ಯಾಂಡಲ್ ಭಾರವಾಗಿ, ಹಳೆಯ ಜಾಡುಗಳಿಗೆ ಸ್ಕೀಗಳು ತಾವಾಗಿ ಎಳೆಯುತ್ತಿದ್ದರೆ ಇದರ ತಿರುಗುಮುರುಗು. ಆಳವಾದ ಪುಡಿಹಿಮದಲ್ಲಿ ಓಡಿಸುವವರಿಗೆ ಸ್ಕೀಗಳು ಮೇಲೇಳುವುದೇ ಬೇಕಾದ್ದರಿಂದ ಅವರು ಪಟ್ಟಿಯನ್ನು ಉದ್ದವಾಗಿಯೇ ಬಿಡುತ್ತಾರೆ. ಎಡ ಬಲ ಎರಡು ಪಟ್ಟಿಗಳಿದ್ದರೆ ಎರಡೂ ಒಂದೇ ರಂಧ್ರದಲ್ಲಿರಬೇಕು, ಪಟ್ಟಿ ಬದಲಿಸಿದ ಮೇಲೆ ಟ್ರ್ಯಾಕ್‌ನ ಬಿಗಿತವನ್ನು ಮತ್ತೆ ಅಳೆಯಬೇಕು.

ಮೊದಲ ಸವಾರಿಯಿಂದ ಮರಳಿದ ದಿನವೇ ನಾಲ್ಕು ದೊಡ್ಡ ಬೋಲ್ಟ್‌ಗಳನ್ನೂ ಶಾಕ್‌ನ ಬೋಲ್ಟ್‌ಗಳನ್ನೂ ಟಾರ್ಕ್ ರೆಂಚಿನಿಂದ ಪರೀಕ್ಷಿಸಿ, ಹೊಸ ಶಾಕ್‌ನ ಮೈಮೇಲೆ ಎಲ್ಲಾದರೂ ಉಜ್ಜಿದ ಗುರುತಿದೆಯೇ ಎಂದು ನೋಡಬೇಕು. ಹೊಸ ಸ್ಪ್ರಿಂಗ್ ಕೆಲವು ಸವಾರಿಗಳಲ್ಲಿ ಸ್ವಲ್ಪ ತಗ್ಗುವುದುಂಟು, ಹಾಗಾಗಿ ಕುಸಿತದ ಅಳತೆಯನ್ನು ಆಗ ಇನ್ನೊಮ್ಮೆ ತೆಗೆದುಕೊಂಡು, ವ್ಯತ್ಯಾಸ ಬಂದಿದ್ದರೆ ಪ್ರೀಲೋಡ್‌ನಿಂದ ಸರಿಪಡಿಸಿ, ಕೊನೆಗೆ ನಿಂತ ಅಂಕಿಗಳನ್ನು ಕೈಪಿಡಿಯ ಒಳರಟ್ಟಿನ ಮೇಲೆ ಬರೆದಿಡಿ.